ಬೀರುವಿನಲ್ಲಿದ್ದ ಹಲಗೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಕಲೆ ಮತ್ತು ತಂತ್ರಜ್ಞಾನ’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯ ನನಗೆ ಬಾರದು. ನಾನು ಪುಸ್ತಕಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವನು. ಇವತ್ತು ಹೇಳಬೇಕೆಂದಿರುವುದು ಒಂದೇ ಒಂದು ವಸ್ತುವಿನ ಕಥೆ. ಆ ವಸ್ತುವನ್ನು ಈ ಶಾಲೆಗೆ ಕೊಟ್ಟವನು ನಾನೇ. ಅದು ನಾಲ್ಕು ವರ್ಷ ಬೀರುವಿನಲ್ಲಿ ಬಿದ್ದಿತ್ತು. ಅದಕ್ಕೆ ಕಾರಣನೂ ನಾನೇ. ಊರಲ್ಲಿ ಮಾತ್ರ ಬೇರೆ ಯಾರದೋ ಹೆಸರು ಓಡಾಡಿತು. ಹಾಗಾಗಿ ಇದು ಭಾಷಣಕ್ಕಿಂತ ಹೆಚ್ಚಾಗಿ ತಪ್ಪೊಪ್ಪಿಗೆ ಎಂದುಕೊಳ್ಳಿ.

2019ರ ಆಗಸ್ಟ್ 15. ಧ್ವಜ ಹಾರಿಸಿದ ಮೇಲೆ ಇದೇ ಅಂಗಳದಲ್ಲಿ ನನಗೆ ಶಾಲು ಹೊದಿಸಿದಿರಿ. ನಾನು ಒಂದು ಡಬ್ಬಿ ಕೊಟ್ಟೆ. ಅದರೊಳಗೆ ಇದ್ದದ್ದು ಡ್ರಾಯಿಂಗ್ ಟ್ಯಾಬ್ಲೆಟ್. ಹಿಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪ, ‘ಏನೋ ಮಾತ್ರೆ ಕೊಟ್ಟನಂತೆ’ ಎಂದರು. ಮಾತ್ರೆಯಲ್ಲ. ಫೋನಿನ ಅಣ್ಣನ ಹಾಗಿರುತ್ತದಲ್ಲ, ಆ ಟ್ಯಾಬ್ ಕೂಡ ಅಲ್ಲ. ಇದಕ್ಕೆ ತೆರೆಯೇ ಇಲ್ಲ. ಕಪ್ಪು ಸ್ಲೇಟಿನ ಹಾಗೆ ಒಂದು ಹಲಗೆ, ಜೊತೆಗೊಂದು ಪೆನ್ನು, ಕಂಪ್ಯೂಟರಿಗೆ ಸಿಕ್ಕಿಸಲು ಒಂದು ವೈರು. ಹಲಗೆಯ ಮೇಲೆ ಗೆರೆ ಎಳೆದರೆ ಹಲಗೆಯಲ್ಲಿ ಏನೂ ಮೂಡುವುದಿಲ್ಲ, ಎದುರಿನ ಕಂಪ್ಯೂಟರಿನಲ್ಲಿ ಮೂಡುತ್ತದೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಅಭ್ಯಾಸವಾಗಲು ಒಂದು ವಾರ ಬೇಕು.

ಅದನ್ನು ತಂದದ್ದು ಒಬ್ಬ ಹುಡುಗನಿಗಾಗಿ. ಆಗ ಅವನು ಎಂಟನೇ ತರಗತಿ. ನಮ್ಮ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾಗಿ ಆ ಹುದ್ದೆ ಖಾಲಿ ಬಿದ್ದು ವರ್ಷಗಳೇ ಆಗಿದ್ದವು. ಆದರೂ ಆ ಹುಡುಗ ನೋಟ್ ಪುಸ್ತಕದ ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲೇ ಎತ್ತು, ಕೆರೆ ಏರಿ, ಬಸ್ಸಿನ ಕಂಡಕ್ಟರು ಎಲ್ಲ ಬರೆಯುತ್ತಿದ್ದ. ಹಿಂದಿನ ವರ್ಷ ಬಂದಾಗ ನೋಡಿದ್ದೆ. ಎತ್ತಿನ ಭುಜದ ಹತ್ತಿರ ಗೆರೆ ದಪ್ಪ, ಬಾಲದ ಹತ್ತಿರ ಸಣ್ಣ. ಯಾರೂ ಹೇಳಿಕೊಟ್ಟಿದ್ದಲ್ಲ.

ಈ ದಪ್ಪ–ಸಣ್ಣದ ವಿಷಯ ಸ್ವಲ್ಪ ಹೇಳಬೇಕು, ಕಥೆಯೆಲ್ಲ ಅದರ ಮೇಲೇ ನಿಂತಿದೆ. ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದವರು. ನಾವೆಲ್ಲ ಓದುವಾಗ ಈ ಶಾಲೆಯ ಗೇಟಿನ ಮೇಲಿದ್ದ ಹಳದಿ ಹಲಗೆಯ ಅಕ್ಷರ ಅವರದೇ. ಬ್ರಷ್ಷನ್ನು ಒತ್ತಿದರೆ ಗೆರೆ ಅಗಲ, ಎತ್ತುತ್ತ ಬಂದರೆ ಕಿರಿದು. ‘ಳ’ ಅಕ್ಷರದ ಹೊಟ್ಟೆ ತುಂಬಿ, ಬಾಲ ಗಾಳಿಗೆ ತೇಲಿ ಹೋಗಬೇಕಾದರೆ ಕೈ ಒತ್ತಡವೇ ಬೇಕು. ಒಂದೇ ದಪ್ಪದ ಗೆರೆಯಲ್ಲಿ ಬರೆದರೆ ಅಕ್ಷರ ತಂತಿ ಬಗ್ಗಿಸಿದ ಹಾಗೆ ಕಾಣುತ್ತದೆ. ಡ್ರಾಯಿಂಗ್ ಟ್ಯಾಬ್ಲೆಟ್ಟಿಗೆ ದುಡ್ಡು ಕೊಡುವುದು ಈ ಒತ್ತಡಕ್ಕಾಗಿ. ಮೌಸ್‌ಗೆ ಗೊತ್ತಿರುವುದು ಎರಡೇ, ಒತ್ತಿದೆ ಅಥವಾ ಒತ್ತಿಲ್ಲ. ಈ ಪೆನ್ನಿಗೆ ಎಷ್ಟು ಒತ್ತಿದೆ ಎಂಬುದೂ ಗೊತ್ತು. ಡಬ್ಬಿಯ ಮೇಲೆ 8192 ಮಟ್ಟ ಎಂದು ಬರೆದಿರುತ್ತಾರೆ. ಅಷ್ಟು ಮಟ್ಟ ನನ್ನ ಕೈಗಂತೂ ಗೊತ್ತಾಗುವುದಿಲ್ಲ. ಅದು ಮಾರುವವರ ಲೆಕ್ಕ.

ಪೆನ್ನಿನಲ್ಲಿ ಬ್ಯಾಟರಿ ಇಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮಕ್ಕಳು ನಿನ್ನೆ ಕೇಳಿದರು. ಹಲಗೆಯ ಕೆಳಗೆ ತೆಳು ತಂತಿಗಳ ಜಾಲವಿದೆ. ಅದರಿಂದ ಸಣ್ಣ ಕಾಂತಕ್ಷೇತ್ರ ಮಿಡಿಯುತ್ತಿರುತ್ತದೆ. ಪೆನ್ನಿನ ಒಳಗೊಂದು ತಂತಿ ಸುರುಳಿ. ಎರಡು ತಂಬೂರಿಗಳನ್ನು ಒಂದೇ ಶ್ರುತಿಗೆ ಕೂಡಿಸಿಟ್ಟು ಒಂದನ್ನು ಮೀಟಿದರೆ ಇನ್ನೊಂದು ತಾನಾಗಿ ಸಣ್ಣಗೆ ನುಡಿಯುತ್ತದಲ್ಲ, ಹಾಗೆ ಹಲಗೆ ಮಿಡಿದಾಗ ಪೆನ್ನಿನ ಸುರುಳಿ ಉತ್ತರ ಕೊಡುತ್ತದೆ. ಆ ಉತ್ತರ ಯಾವ ತಂತಿಯ ಹತ್ತಿರ ಜೋರಾಗಿದೆ ಎಂಬುದರಿಂದ ಪೆನ್ನು ಎಲ್ಲಿದೆ ಎಂದು ತಿಳಿಯುತ್ತದೆ. ತುದಿಯನ್ನು ಒತ್ತಿದಾಗ ಶ್ರುತಿ ಒಂದಿಷ್ಟು ಬದಲಾಗುತ್ತದೆ, ಅದರಿಂದ ಒತ್ತಡ ತಿಳಿಯುತ್ತದೆ. 1983ರಲ್ಲಿ ಜಪಾನಿನಲ್ಲಿ ಶುರುವಾದ ವಾಕಮ್ ಕಂಪನಿ ಈ ವಿದ್ಯೆಗೆ ಹೆಸರುವಾಸಿ. ಈಗ ಬೇರೆ ಎಷ್ಟೋ ಕಂಪನಿಗಳು ಕಡಿಮೆ ಬೆಲೆಗೆ ಮಾಡುತ್ತವೆ. ನಾನು ಕೊಟ್ಟದ್ದು ಅಂಥ ಒಂದು. ಕಂಪನಿಯ ಹೆಸರು ಇಲ್ಲಿ ಬೇಡ.

ಸರಿ, ಕೊಟ್ಟೆ. ಫೋಟೋ ಆಯಿತು. ಮಂಡಕ್ಕಿ, ಬಾಳೆಹಣ್ಣು ತಿಂದು ಮಧ್ಯಾಹ್ನದ ಬಸ್ ಹತ್ತಿದೆ. ಲ್ಯಾಬಿನಲ್ಲಿ ಒಮ್ಮೆ ಸಿಕ್ಕಿಸಿ ನೋಡಲಿಲ್ಲ. ಅಲ್ಲಿನ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್ ಎಂಬುದೂ ನನಗೆ ಗೊತ್ತಿರಲಿಲ್ಲ. ಡಬ್ಬಿಯ ಮೇಲೆ ವಿಂಡೋಸ್, ಮ್ಯಾಕ್ ಎಂಬ ಎರಡೇ ಹೆಸರಿದ್ದವು. ಅದನ್ನೂ ಓದಿರಲಿಲ್ಲ.

ನಾಲ್ಕು ವರ್ಷ ಕಳೆದು, 2023ರ ಅಕ್ಟೋಬರಿನಲ್ಲಿ ಮುಖ್ಯೋಪಾಧ್ಯಾಯಿನಿಯವರು ಫೋನ್ ಮಾಡಿದರು. ಬಹಳ ಸಂಕೋಚದಿಂದ ಕೇಳಿದರು: ‘ಸರ್, ದಾಸ್ತಾನು ಪುಸ್ತಕ ಸರಿ ಮಾಡುತ್ತಿದ್ದೇವೆ. ತಾವು ಕೊಟ್ಟ ವಸ್ತು ಕೆಲಸ ಮಾಡುತ್ತಿಲ್ಲ. ನಿರುಪಯುಕ್ತ ಎಂದು ಬರೆದುಕೊಳ್ಳಬಹುದೇ? ತಪ್ಪು ತಿಳಿಯಬೇಡಿ.’ ಯಾವಾಗಿನಿಂದ ಎಂದು ಕೇಳಿದೆ. ‘ಮೊದಲಿನಿಂದಲೂ’ ಎಂದರು.

ಆಮೇಲೆ ತಿಳಿಯಿತು, ಲ್ಯಾಬಿನ ಹೊಣೆ ಹೊತ್ತಿದ್ದ ವಿಜ್ಞಾನದ ಮೇಡಂ ಅದನ್ನು ಕೆಡಿಸಿದರು ಎಂದು ಊರಲ್ಲಿ ಮಾತಾಗಿತ್ತಂತೆ. ಎಸ್‌ಡಿಎಂಸಿ ಸಭೆಯಲ್ಲೂ ಯಾರೋ ಕೇಳಿದರಂತೆ. ಅವರು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಮೇಡಂ, ಎಲ್ಲರ ಎದುರು ಹೇಳುತ್ತೇನೆ: ನೀವು ಕೆಡಿಸಲಿಲ್ಲ. ಅದು ಕೆಟ್ಟೇ ಇರಲಿಲ್ಲ.

ಶನಿವಾರ ಬಂದೆ. ಬೀರು ತೆಗೆದರೆ ಡಬ್ಬಿ ಹಾಗೇ ಇದೆ, ಶಾಲಿನ ಜೊತೆ ಕೊಟ್ಟಿದ್ದ ಹಾರದ ಒಣ ಎಸಳು ಎರಡು ಅದರ ಮೇಲೆ. ವೈರು ಸಿಕ್ಕಿಸಿದೆ. ಹಲಗೆಯ ಮೂಲೆಯಲ್ಲಿ ದೀಪ ಹತ್ತಿತು. ಪೆನ್ನು ಆಡಿಸಿದರೆ ತೆರೆಯ ಮೇಲೆ ಏನೂ ಅಲುಗಲಿಲ್ಲ. ‘ಇದೇ ಸರ್, ದೀಪ ಹತ್ತುತ್ತೆ, ಕೆಲಸ ಮಾಡಲ್ಲ’ ಎಂದರು ಮೇಡಂ.

ಲಿನಕ್ಸ್‌ನಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿ ಇರುತ್ತದೆ. ಅದರಲ್ಲಿ ಎಲ್, ಎಸ್, ಯು, ಎಸ್, ಬಿ ಎಂದು ಐದು ಅಕ್ಷರ ಸೇರಿಸಿ ಒತ್ತಿ ಎಂಟರ್ ಹೊಡೆದರೆ, ಯುಎಸ್‌ಬಿ ತೂತುಗಳಲ್ಲಿ ಯಾರು ಯಾರು ಇದ್ದಾರೆ ಎಂದು ಕಂಪ್ಯೂಟರ್ ಹಾಜರಿ ಕೂಗುತ್ತದೆ. ಒಬ್ಬೊಬ್ಬರಿಗೂ ಎರಡು ಭಾಗದ ಸಂಖ್ಯೆ. ಮೊದಲನೆಯದು ಕಂಪನಿಯದು, ಎರಡನೆಯದು ಮಾದರಿಯದು. ವಾಕಮ್ ಆದರೆ 056ಎ ಎಂದು ಶುರುವಾಗುತ್ತದೆ. ನಮ್ಮ ಹಾಜರಿಯಲ್ಲಿ ಕೀಬೋರ್ಡ್ ಬಂತು, ಮೌಸ್ ಬಂತು. ಹಲಗೆಯ ಹೆಸರೇ ಇಲ್ಲ.

ದೀಪ ಹತ್ತಿದೆ, ಹಾಜರಿ ಇಲ್ಲ ಎಂದರೆ ಅನುಮಾನ ವೈರಿನ ಮೇಲೆ ಹೋಗಬೇಕು. ಮಾಮೂಲಿ ಯುಎಸ್‌ಬಿ ವೈರಿನೊಳಗೆ ನಾಲ್ಕು ಎಳೆ ಇರುತ್ತವೆ. ಎರಡು ವಿದ್ಯುತ್ತಿಗೆ, ಎರಡು ಮಾತಿಗೆ. ಫೋನ್ ಚಾರ್ಜ್ ಮಾಡಲೆಂದೇ ಮಾಡಿದ ಕೆಲವು ಅಗ್ಗದ ವೈರುಗಳಲ್ಲಿ ಮಾತಿನ ಎಳೆ ಇರುವುದೇ ಇಲ್ಲ. ಕೇಳಿದೆ. ಕೊರೊನಾ ಕಾಲದಲ್ಲಿ ಲ್ಯಾಬಿನ ಸಾಮಾನನ್ನೆಲ್ಲ ಎರಡು ಸಲ ಕೋಣೆಯಿಂದ ಕೋಣೆಗೆ ಸಾಗಿಸಿದ್ದರು. ಡಬ್ಬಿಯ ಜೊತೆ ಬಂದ ವೈರು ಆಗ ಕಳೆದುಹೋಗಿತ್ತು. ಈಗಿರುವುದು ಯಾರದೋ ಫೋನಿನದು. ನನ್ನ ಚೀಲದಲ್ಲಿದ್ದ ಬೇರೆ ವೈರು ಹಾಕಿದೆ. ಹಾಜರಿಯಲ್ಲಿ ಹೆಸರು ಬಂತು. ಪೆನ್ನಿನ ಜೊತೆ ಬಾಣದ ಗುರುತು ಓಡಿತು. ಮೇಡಂ ಮುಖ ನೋಡಬೇಕಿತ್ತು. ನಾನೂ ಆ ಹೊತ್ತಿಗೆ ಕೆಲಸ ಮುಗಿಯಿತು ಎಂದೇ ಭಾವಿಸಿದೆ.

ಮುಗಿದಿರಲಿಲ್ಲ. ಗೆರೆ ಎಳೆದರೆ ಬರುತ್ತಿದೆ, ಆದರೆ ಎಷ್ಟು ಒತ್ತಿದರೂ ಒಂದೇ ದಪ್ಪ. ಅದೇ ತಂತಿ. ಆಗ ಮೇಡಂ ನೆನಪಿಸಿಕೊಂಡರು: 2019ರಲ್ಲೇ ಹೀಗಿತ್ತು, ಮೌಸ್ ಮಾಡುವ ಕೆಲಸವನ್ನೇ ಮಾಡುತ್ತಿತ್ತು, ಅದಕ್ಕೇ ಮಕ್ಕಳು ಬಿಟ್ಟುಬಿಟ್ಟರು, ವೈರು ಹೋದದ್ದು ಆಮೇಲೆ. ಒಂದು ಕಾಯಿಲೆಯ ಮೇಲೆ ಇನ್ನೊಂದು ಕಾಯಿಲೆ ಕೂತಿತ್ತು.

ಈ ಎರಡನೆಯ ಕಾಯಿಲೆಯೇ ಮುಖ್ಯ. ಕಂಪ್ಯೂಟರಿಗೆ ಸಿಕ್ಕಿಸುವ ಪ್ರತಿ ಸಾಧನಕ್ಕೂ ಡ್ರೈವರ್ ಎಂಬ ದುಭಾಷಿ ಬೇಕು. ವಿಂಡೋಸ್‌ಗೆ ಆ ದುಭಾಷಿಯನ್ನು ಸಾಧನ ಮಾಡಿದ ಕಂಪನಿಯೇ ಕೊಡುತ್ತದೆ. ಲಿನಕ್ಸ್‌ನ ರೀತಿ ಬೇರೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ ಅದರ ತಿರುಳನ್ನು ಬರೆದು ಎಲ್ಲರ ಮುಂದೆ ತೆರೆದಿಟ್ಟ. ಆ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಆಮೇಲೆ ಸಾವಿರಾರು ಜನ ಅದಕ್ಕೆ ಸೇರಿಸುತ್ತ ಬಂದರು. ಅದರಲ್ಲಿ ದುಭಾಷಿಗಳೂ ಬಹುಪಾಲು ಒಳಗೇ ಇರುತ್ತಾರೆ. ವಾಕಮ್ ಹಲಗೆಗಳಿಗೆ ಬೇಕಾದದ್ದು ಬಹಳ ವರ್ಷಗಳಿಂದ ಇದೆ. ಉಳಿದ ಕಡಿಮೆ ಬೆಲೆಯ ಹಲಗೆಗಳಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಡಿಜಿಮೆಂಡ್ ಎಂಬ ಯೋಜನೆಯ ಹೆಸರಿನಲ್ಲಿ ಕೆಲವರು ಕೂತು, ಒಂದೊಂದು ಹಲಗೆ ತನ್ನೊಳಗೆ ಏನು ಗೊಣಗುತ್ತದೆ ಎಂದು ಕೇಳಿಸಿಕೊಂಡು, ಅದರ ಭಾಷೆ ಬಿಡಿಸಿ, ದುಭಾಷಿ ಬರೆದರು. ಅದರ ಬಹುಭಾಗ ಈಗ ಕರ್ನೆಲ್ ಒಳಗೆ ಸೇರಿದೆ.

ಅವರು ಕಂಡುಕೊಂಡದ್ದು ಸ್ವಾರಸ್ಯವಾಗಿದೆ. ಇಂಥ ಹಲವು ಹಲಗೆಗಳು ಶುರುವಿನಲ್ಲಿ ಬೇಕೆಂದೇ ಮೌಸ್ ಹಾಗೆ ನಟಿಸುತ್ತವೆ, ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಸ್ವಲ್ಪವಾದರೂ ನಡೆಯಲಿ ಎಂದು. ಗೊತ್ತಿರುವ ದುಭಾಷಿ ಬಂದು ಸರಿಯಾದ ಪ್ರಶ್ನೆ ಕೇಳಿದಾಗ ಮಾತ್ರ ಪೂರ್ತಿ ವಿದ್ಯೆ ತೋರಿಸುತ್ತವೆ. ಮೃದಂಗದ ವಿದ್ವಾಂಸರು ಮದುವೆ ಮನೆಗೆ ಬಂದಿದ್ದಾರೆ, ಗುರುತು ಹಿಡಿಯುವವರು ಯಾರೂ ಇಲ್ಲ, ಎಲೆ ಹಾಕಲು ನಿಲ್ಲಿಸಿದ್ದಾರೆ, ಅವರೂ ಸುಮ್ಮನೆ ಎಲೆ ಹಾಕುತ್ತಿದ್ದಾರೆ. ನಮ್ಮ ಹಲಗೆ ನಾಲ್ಕು ವರ್ಷ ಎಲೆ ಹಾಕಿತು.

ಲ್ಯಾಬಿನಲ್ಲಿದ್ದದ್ದು ಉಬುಂಟು 16.04. ಅದು 2016ರ ಏಪ್ರಿಲ್‌ನದು, ಅದರೊಳಗಿನ ಕರ್ನೆಲ್ 4.4. ಆ ಕರ್ನೆಲ್ ಹೊರಬಂದಾಗ ಈ ಹಲಗೆ ಹುಟ್ಟಿಯೇ ಇರಲಿಲ್ಲ. ಗುರುತು ಹಿಡಿಯಲಿಲ್ಲ ಎಂದು ಅದನ್ನು ಬೈಯುವುದು ಹೇಗೆ? ಹೊಸದಕ್ಕೆ ಹೋಗಬೇಕು. ಆದರೆ ಆ ಕಂಪ್ಯೂಟರಿನಲ್ಲೇ ಎಸ್‌ಎಸ್‌ಎಲ್‌ಸಿ ಮಕ್ಕಳ ಆಂತರಿಕ ಅಂಕಗಳೂ ಇದ್ದವು. ಹೊಸದು ಹಾಕಲು ಹೋಗಿ ಅವು ಅಳಿಸಿಹೋದರೆ ಈ ಸಲ ನಿಜವಾಗಿಯೂ ನಿರುಪಯುಕ್ತ ಎನಿಸಿಕೊಳ್ಳುವವನು ನಾನು.

ಲಿನಕ್ಸ್‌ನಲ್ಲಿ ನನಗೆ ಬಹಳ ಇಷ್ಟವಾದ ಸೌಕರ್ಯ ಇದಕ್ಕೆ ಒದಗಿತು. ಪೆನ್ ಡ್ರೈವ್‌ಗೆ ತುಂಬಿಕೊಂಡು, ಯಂತ್ರದೊಳಗಿನ ಯಾವುದನ್ನೂ ಮುಟ್ಟದೆ, ಪೆನ್ ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಹುಡುಗಿ ನೋಡಲು ಹೋದ ಹಾಗೆ, ಮಾತುಕತೆ ಅಷ್ಟೇ, ತಾಳಿ ಕಟ್ಟಬೇಕೆಂದಿಲ್ಲ. ಆ ರಾತ್ರಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ಝುಬುಂಟು 22.04 ಇಳಿಸಿಕೊಂಡು ಬಂದೆ. ಉಬುಂಟುವಿನ ದಾಯಾದಿ, ಹಗುರವಾದದ್ದು. ನಮ್ಮ ಯಂತ್ರದಲ್ಲಿ ಇದ್ದದ್ದು 4 ಜಿಬಿ ರ್‍ಯಾಮ್. ಭಾನುವಾರ ಬೆಳಿಗ್ಗೆ ಪೆನ್ ಡ್ರೈವ್‌ನಿಂದ ಎಬ್ಬಿಸಿದೆ. ಇವೆಂಟುಗಳನ್ನು ತೋರಿಸುವ ಎವ್‌ಟೆಸ್ಟ್ ಎಂಬ ಪುಟ್ಟ ತಂತ್ರಾಂಶ ಹಾಕಿಕೊಂಡು ಪೆನ್ನು ಒತ್ತಿದರೆ, ‘ಪ್ರೆಷರ್’ ಎಂಬ ಸಾಲಿನಲ್ಲಿ ಅಂಕಿಗಳು ಏರಿದವು, ಇಳಿದವು. ನಾನು ಕೂಗಿದ್ದಕ್ಕೆ ಅಡುಗೆ ಕೋಣೆಯ ಹತ್ತಿರ ಮಲಗಿದ್ದ ನಾಯಿ ಎದ್ದು ಓಡಿತು.

ಅಂಕಿ ಬಂತು, ಆದರೆ ಗಿಂಪ್‌ನಲ್ಲಿ ಚಿತ್ರ ಬರೆದರೆ ಮತ್ತೆ ತಂತಿ! ಅರ್ಧ ಗಂಟೆ ತಲೆ ಕೆರೆದುಕೊಂಡೆ. ಗಿಂಪ್ ಎಂಬ ಆ ಚಿತ್ರದ ತಂತ್ರಾಂಶಕ್ಕೆ, ಹೊಸ ಸಾಧನ ಬಂದಿದೆ ಎಂದು ನಾವೇ ಹೇಳಬೇಕು. ಎಡಿಟ್ ಪಟ್ಟಿಯಲ್ಲಿ ಇನ್‌ಪುಟ್ ಡಿವೈಸಸ್ ತೆಗೆದು, ಪೆನ್ನಿನ ಹೆಸರಿನ ಎದುರು ‘ಡಿಸೇಬಲ್ಡ್’ ಇರುವುದನ್ನು ‘ಸ್ಕ್ರೀನ್’ ಮಾಡಿ ಉಳಿಸಬೇಕು. ಆಮೇಲೆ ಬ್ರಷ್‌ನ ಡೈನಾಮಿಕ್ಸ್‌ನಲ್ಲಿ ಪ್ರೆಷರ್ ಸೈಜ್ ಆರಿಸಬೇಕು. ಇಷ್ಟು ಮಾಡಿದ ಮೇಲೆ ಗೆರೆಗೆ ಹೊಟ್ಟೆ ಬಂತು, ಬಾಲ ಬಂತು. ಅಂಕಪಟ್ಟಿಗಳನ್ನೆಲ್ಲ ಬೇರೆ ಕಡೆ ಎರಡೆರಡು ಪ್ರತಿ ಮಾಡಿಟ್ಟು, ಮಧ್ಯಾಹ್ನ ಧೈರ್ಯವಾಗಿ ತಾಳಿ ಕಟ್ಟಿದೆ.

ಸಂಜೆ ಹತ್ತಿರದ ಮನೆಗಳ ಮಕ್ಕಳು ಬಂದರು. ಒಂಬತ್ತನೇ ತರಗತಿಯ ಒಬ್ಬಳು ಬಹಳ ಜಾಗ್ರತೆಯಿಂದ ಚಂದ್ರನನ್ನು ಬರೆದಳು. ತೆರೆಯ ಮೇಲೆ ಮೊಟ್ಟೆ ಬಂತು. ಮತ್ತೆ ಬರೆದಳು, ಮತ್ತೆ ಮೊಟ್ಟೆ, ನಿಲ್ಲಿಸಿದ ಮೊಟ್ಟೆ. ‘ನನಗೆ ಬರಲ್ಲ ಸಾರ್’ ಎಂದು ಪೆನ್ನು ಕೆಳಗಿಟ್ಟಳು.

ನಾನು ಅಷ್ಟು ದೂರದಿಂದ ಬಂದದ್ದಕ್ಕೆ ಅರ್ಥ ಬಂದದ್ದು ಆಗ. ಅವಳ ಕೈ ಸರಿಯಾಗಿಯೇ ಇತ್ತು. ಹಲಗೆ 10 ಇಂಚು ಅಗಲ, ಆರೂಕಾಲು ಇಂಚು ಎತ್ತರ. ಲ್ಯಾಬಿನ ಹಳೆಯ ಮಾನಿಟರ್ ಹೆಚ್ಚು ಚೌಕ: ಅಗಲ 1280 ಚುಕ್ಕೆ, ಎತ್ತರ 1024. ಅಂದರೆ ಹಲಗೆಯ ಅಗಲ ಎತ್ತರದ 1.6 ಪಟ್ಟು, ತೆರೆಯದು 1.25 ಪಟ್ಟು. ಅಗಲವಾದದ್ದನ್ನು ಚೌಕಕ್ಕೆ ತುರುಕಿದರೆ ಚಂದ್ರ ಹಿಸುಕಿಹೋಗದೆ ಇನ್ನೇನಾಗಬೇಕು? ಅವಳಿಗೆ ಯಾರಾದರೂ ಇದನ್ನು ಹೇಳದೆ ಹೋಗಿದ್ದರೆ ತನಗೆ ಚಿತ್ರ ಬರುವುದಿಲ್ಲ ಎಂದೇ ತಿಳಿದು ಮನೆಗೆ ಹೋಗುತ್ತಿದ್ದಳು.

ಗಣಿತ ಮೇಷ್ಟ್ರಿಗೆ ಫೋನ್ ಮಾಡಿ ಕರೆಸಿದೆವು. ಅವರೇ ಕರಿಹಲಗೆಯ ಮೇಲೆ ಲೆಕ್ಕ ಹಾಕಿಸಿದರು. ಎತ್ತರ ಆರೂಕಾಲು ಪೂರ್ತಿ ಬಳಸಿದರೆ, ಅಗಲದಲ್ಲಿ ಅದರ 1.25 ಪಟ್ಟು, ಅಂದರೆ ಸುಮಾರು 7.8 ಇಂಚು ಮಾತ್ರ ಬಳಸಬೇಕು. ಬಲಗಡೆ ಎರಡು ಇಂಚಿನ ಮೇಲೆ ಸ್ವಲ್ಪ ಖಾಲಿ ಬಿಡಬೇಕು. ಎಕ್ಸ್‌ಇನ್‌ಪುಟ್ ಎಂಬ ಆಜ್ಞೆಯಲ್ಲಿ ಪೆನ್ನಿಗೆ ಒಂಬತ್ತು ಅಂಕಿಗಳ ಮಾತೃಕೆ ಕೊಡಬಹುದು, ಮೂರು ಸಾಲು, ಮೂರು ಕಂಬ. ಮೊದಲು ಓರೆಯಾಗಿ ಮೂರು ಒಂದು, ಉಳಿದದ್ದೆಲ್ಲ ಸೊನ್ನೆ. ಅದರಲ್ಲಿ ಮೊಟ್ಟಮೊದಲ ಒಂದನ್ನು ಅಳಿಸಿ 1.28 ಎಂದು ಬರೆದೆವು; 10ನ್ನು 7.8125ರಿಂದ ಭಾಗಿಸಿದರೆ ಬರುವುದು ಅದೇ. ಮಾತೃಕೆ ಓದಿ ಏನು ಪ್ರಯೋಜನ ಎಂದು ನಾನು ಪಿಯುಸಿಯಲ್ಲಿ ಕೇಳಿ ಬೈಸಿಕೊಂಡಿದ್ದೆ. ಉತ್ತರ ಸಿಗಲು ಇಷ್ಟು ವರ್ಷ ಬೇಕಾಯಿತು. ಹುಡುಗಿ ಮತ್ತೆ ಪೆನ್ನು ತೆಗೆದುಕೊಂಡಳು. ದುಂಡಗಿನ ಚಂದ್ರ ಬಂದ. ಅದರೊಳಗೆ ಮೊಲವನ್ನೂ ಕೂರಿಸಿದಳು.

ಉಳಿದ ಸಣ್ಣಪುಟ್ಟದ್ದು ಬೇಗ ಹೇಳುತ್ತೇನೆ. ವೈರು ಕಿತ್ತು ಸಿಕ್ಕಿಸಿದರೆ ಆ 1.28 ಮರೆತುಹೋಗುತ್ತದೆ. ಅದಕ್ಕೆ ಆಜ್ಞೆಯನ್ನು ಒಂದು ಕಡತದಲ್ಲಿಟ್ಟು, ‘ಹಲಗೆ’ ಎಂಬ ಹೆಸರಿನ ಗುಂಡಿ ಮಾಡಿ ತೆರೆಯ ಮೇಲೆ ಇಟ್ಟಿದ್ದೇನೆ; ಎರಡು ಸಲ ಒತ್ತಿದರೆ ಸಾಕು. ಪ್ರೊಜೆಕ್ಟರ್ ಹಾಕಿದ ದಿನ ಎರಡೂ ತೆರೆಗಳಲ್ಲಿ ಒಂದೇ ಚಿತ್ರ ಬರುವಂತೆ ಇಟ್ಟುಕೊಳ್ಳಿ, ಇಲ್ಲವಾದರೆ ಹಲಗೆ ಎರಡಕ್ಕೂ ಹಂಚಿಹೋಗಿ ಅರ್ಧ ಗೋಡೆಯ ಮೇಲೆ ಹೋಗುತ್ತದೆ. ಮನೆಯಲ್ಲಿ ಹೊಸ ಲಿನಕ್ಸ್ ಹಾಕಿಕೊಂಡವರಿಗೆ ವೇಲ್ಯಾಂಡ್ ಎಂಬ ಹೊಸ ಏರ್ಪಾಡು ಇರಬಹುದು. ಅಲ್ಲಿ ನನ್ನ ಈ ಆಜ್ಞೆ ನಡೆಯುವುದಿಲ್ಲ, ಸೆಟ್ಟಿಂಗ್ಸ್‌ನಲ್ಲೇ ಹಲಗೆಯ ಪುಟ ಹುಡುಕಿ. ಒಳ್ಳೆಯ ಯಂತ್ರ ಇರುವವರು ಕ್ರಿತ ಎಂಬ ತಂತ್ರಾಂಶ ಹಾಕಿಕೊಳ್ಳಿ, ಅದೂ ಉಚಿತ. ಕೃತಯುಗದ ಕೃತ ಎಂದುಕೊಂಡಿದ್ದೆ ನಾನು. ಸ್ವೀಡಿಷ್ ಭಾಷೆಯಲ್ಲಿ ಆ ಮಾತಿಗೆ ಬಳಪ ಎಂದರ್ಥವಂತೆ.

ಈಗ ಆ ಹುಡುಗನ ವಿಷಯ. ನಾನು ಹಲಗೆ ತಂದದ್ದು ಅವನಿಗಾಗಿ ಎಂದೆನಲ್ಲ. 2019ರಲ್ಲಿ ಅವನು ಅದನ್ನು ಒಂದು ವಾರ ಹಿಡಿದು, ಗೆರೆ ಸತ್ತಂತಿದೆ ಎಂದು ಬಿಟ್ಟನಂತೆ. ಅವನು ಹೇಳಿದ್ದು ಅಕ್ಷರಶಃ ಸರಿ. ಮುಂದಿನ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ತೆರೆಯುವ ಹೊತ್ತಿಗೆ ಅವನು ಪರೀಕ್ಷೆಯ ಹೊಸ್ತಿಲಲ್ಲಿದ್ದ. 2022ರಲ್ಲಿ ಪಾಸಾಗಿ ಹೋದ. ನಾನು ಅವತ್ತು ಬಸ್ ಬಿಟ್ಟು, ಒಂದು ದಿನ ನಿಂತು, ಸಿಕ್ಕಿಸಿ ನೋಡಿದ್ದರೆ ಅವನಿಗೆ ಮೂರು ವರ್ಷ ಸಿಗುತ್ತಿತ್ತು. ಈಗ ತಾಲ್ಲೂಕು ಕೇಂದ್ರದ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ. ನನ್ನ ಬೆನ್ನ ಹಿಂದೆ ಇರುವ ಈ ಬ್ಯಾನರ್ ನೋಡಿ. ‘ಸುವರ್ಣ ಮಹೋತ್ಸವ’ ಎಂಬ ಅಕ್ಷರ, ಶಾಲೆಯ ಚಿತ್ರ, ಮೂಲೆಯ ಹೊಂಗೆ ಮರ, ಎಲ್ಲ ಅವನು ಮಾಡಿದ್ದು, ಮೌಸ್ ಹಿಡಿದು. ಮರದ ಕೊಂಬೆಗಳು ಒಂದೇ ದಪ್ಪ ಇವೆ, ಗಮನಿಸಿ.

ನಿನ್ನೆ ಸಂಜೆ ಬ್ಯಾನರ್ ಕಟ್ಟಲು ಬಂದಿದ್ದ. ಲ್ಯಾಬಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಮೊದಲು ಬೇಡ ಎಂದ. ಆಮೇಲೆ ಪೆನ್ನು ಹಿಡಿದು ಒಂದು ಗೆರೆ ಎಳೆದ, ಒತ್ತಿ, ಎತ್ತಿ. ನನ್ನ ಕಡೆ ನೋಡಲಿಲ್ಲ. ಹೊಂಗೆ ಮರವನ್ನೇ ಮತ್ತೆ ಶುರು ಮಾಡಿದ. ಕೆಳಗಡೆ ಬುಡ ದಪ್ಪ, ಮೇಲೆ ಹೋಗುತ್ತ ಕಡ್ಡಿ. ಧ್ವನಿವರ್ಧಕದವರು ಕೂಗಿದರು, ಅಂಗಡಿಯವರು ಎರಡು ಸಲ ಫೋನ್ ಮಾಡಿದರು, ಎದ್ದು ಹೋದ. ಮರ ಅರ್ಧಕ್ಕೆ ನಿಂತಿದೆ. ಕಡತವನ್ನು ಅವನ ಹೆಸರಿನಲ್ಲಿ ಉಳಿಸಿದ್ದೇನೆ, ಯಾರೂ ಅಳಿಸಬೇಡಿ. ಭಾನುವಾರ ಬರುತ್ತೇನೆ ಎಂದಿದ್ದಾನೆ.

ಹಲಗೆ ಇನ್ನು ಬೀರುವಿನಲ್ಲಿ ಇರುವುದಿಲ್ಲ, ಕಿಟಕಿಯ ಪಕ್ಕದ ಮೂರನೇ ಕಂಪ್ಯೂಟರಿನ ಮುಂದೆ ಇರುತ್ತದೆ. ಅದರ ವೈರಿಗೆ ಕೆಂಪು ದಾರ ಕಟ್ಟಿದ್ದೇನೆ. ದಾರ ಇಲ್ಲದ ವೈರು ಫೋನಿನದು. ಪೆನ್ನಿನ ತುದಿ ಸವೆಯುತ್ತದೆ, ಮೊನಚಾದಾಗ ಬದಲಿಸಿ. ಹೊಸ ತುದಿಗಳು ಸೀಮೆಸುಣ್ಣದ ಡಬ್ಬಿಯಲ್ಲಿವೆ. ಬೀಗದ ಕೈ ವಿಜ್ಞಾನದ ಮೇಡಂ ಹತ್ತಿರ. ಊರಿನವರು ಯಾರು ಬೇಕಾದರೂ ಭಾನುವಾರ ಹತ್ತು ಗಂಟೆಯ ಮೇಲೆ ಬಂದು ಬರೆಯಬಹುದು ಎಂದು ಮುಖ್ಯೋಪಾಧ್ಯಾಯಿನಿಯವರು ಒಪ್ಪಿದ್ದಾರೆ. ನಮ್ಮ ದೊಡ್ಡಪ್ಪನವರೂ ಬರಲಿ.